ನಾಗಪುರದಿಂದ ನ್ಯಾಶ್‌ವಿಲ್‌ಗೆ: ಸಭಾಪಾಲಕ ಜೇಮ್ಸ್ ಲಾಸನ್

ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ಕೇಳದ ಓದುಗರು ನಮ್ಮಲ್ಲಿ ವಿರಳ. ಶಾಲೆಯ ಮಕ್ಕಳೂ ಅವರನ್ನು ಬಲ್ಲರು. ಅಮೆರಿಕದ ಗಾಂಧಿ ಎಂದು ಅವರನ್ನು ಕರೆಯುವುದು ನಮಗೆ ರೂಢಿಯಾಗಿದೆ. ಆದರೆ ಅಹಿಂಸೆಯ ತತ್ವವನ್ನೂ ತಂತ್ರವನ್ನೂ ಬಲ್ಲವರಲ್ಲಿ ಜಗತ್ತಿನಲ್ಲೇ ಮುಂಚೂಣಿಯವರು ಎಂದು ಸ್ವತಃ ಕಿಂಗ್ ಅವರೇ ಗೌರವಿಸಿದ ಒಬ್ಬ ವ್ಯಕ್ತಿ ಇದ್ದರು. ಅವರ ಹೆಸರು ಜೇಮ್ಸ್ ಲಾಸನ್. ವೃತ್ತಿಯಿಂದ ಅವರು ಮೆಥೊಡಿಸ್ಟ್ ಸಭಾಪಾಲಕ. ನಮ್ಮ ದೇಶದ ನಾಗಪುರದಲ್ಲಿ ಮೂರು ವರ್ಷ ಬಾಳಿ ಹೋದವರು. 2024ರ ಜೂನ್ 9ರಂದು, ತೊಂಬತ್ತೈದನೆಯ ವಯಸ್ಸಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಅವರು ತೀರಿಕೊಂಡಾಗ ಭಾರತದಲ್ಲಿ ಅದು ದೊಡ್ಡ ಸುದ್ದಿಯಾಗಲಿಲ್ಲ.

ಮೆಥೊಡಿಸ್ಟ್ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ಬೀದರ್, ಕಲಬುರಗಿ, ಬೆಳಗಾವಿ, ಕೋಲಾರಗಳಲ್ಲಿ ಮೆಥೊಡಿಸ್ಟ್ ಚರ್ಚುಗಳಿವೆ. ಹಳೆಯ ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು ಶಾಲೆ, ಆಸ್ಪತ್ರೆ, ಅಚ್ಚುಕೂಟಗಳನ್ನು ನಡೆಸಿದ್ದನ್ನು ಹಿರಿಯರು ಬಲ್ಲರು. ಈ ಪಂಗಡದ ಮೂಲಪುರುಷ ಜಾನ್ ವೆಸ್ಲಿ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಪಾದ್ರಿ. ಚರ್ಚಿನೊಳಗೆ ಬಾರದ ಗಣಿ ಕಾರ್ಮಿಕರನ್ನು ಹುಡುಕಿಕೊಂಡು ಹೋಗಿ 1739ರಲ್ಲಿ ಬ್ರಿಸ್ಟಲ್ ಬಳಿಯ ಬಯಲಿನಲ್ಲಿ ನಿಂತು ಬೋಧಿಸಿದವರು. 1774ರಲ್ಲಿ ಗುಲಾಮಗಿರಿಯನ್ನು ಖಂಡಿಸಿ ಒಂದು ಪುಸ್ತಿಕೆಯನ್ನೇ ಬರೆದವರು.

ಆದರೆ ಸ್ಥಾಪಕನ ಮಾತು ಒಂದು, ಅನುಯಾಯಿಗಳ ನಡೆ ಇನ್ನೊಂದು ಎಂಬುದು ಎಲ್ಲ ಧರ್ಮಗಳ ಚರಿತ್ರೆಯಲ್ಲಿಯೂ ಕಾಣುವ ದುಃಖದ ಸಂಗತಿ. ಅಮೆರಿಕದ ಮೆಥೊಡಿಸ್ಟರು 1844ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆಯೇ ಉತ್ತರ, ದಕ್ಷಿಣ ಎಂದು ಒಡೆದುಹೋದರು. 1939ರಲ್ಲಿ ಮತ್ತೆ ಒಂದಾದಾಗ ಕರಿಯರ ಸಭೆಗಳನ್ನೆಲ್ಲ ಬೇರೆಯಾಗಿಯೇ ಒಂದು ಆಡಳಿತ ವಿಭಾಗದಲ್ಲಿ ಇಟ್ಟರು. ಆ ವಿಭಾಗ ಇಲ್ಲವಾದದ್ದು 1968ರಲ್ಲಿ. ಲಾಸನ್ ಸಭಾಪಾಲಕರಾಗಿ ದುಡಿಯತೊಡಗಿದ್ದು ಹೀಗೆ ಬಣ್ಣದ ಗೋಡೆಯನ್ನು ತನ್ನೊಳಗೇ ಕಟ್ಟಿಕೊಂಡಿದ್ದ ಚರ್ಚಿನಲ್ಲಿ. ಆ ಚರ್ಚನ್ನು ಅವರು ಬಿಟ್ಟು ಹೋಗಲಿಲ್ಲ. ಅದರೊಳಗೇ ನಿಂತು ಅದಕ್ಕೆ ಅದರದೇ ಮಾತನ್ನು ನೆನಪಿಸುತ್ತ ಬಂದರು.

ತಾಯಿಯ ಪ್ರಶ್ನೆ

ಜೇಮ್ಸ್ ಲಾಸನ್ ಹುಟ್ಟಿದ್ದು 1928ರ ಸೆಪ್ಟೆಂಬರ್ 22ರಂದು, ಪೆನ್ಸಿಲ್ವೇನಿಯಾ ರಾಜ್ಯದ ಯೂನಿಯನ್‌ಟೌನ್‌ನಲ್ಲಿ. ಬೆಳೆದದ್ದು ಓಹಾಯೊ ರಾಜ್ಯದ ಮ್ಯಾಸಿಲನ್ ಎಂಬ ಊರಿನಲ್ಲಿ. ತಂದೆ ಮೆಥೊಡಿಸ್ಟ್ ಪಾದ್ರಿ. ತಾಯಿ ಜಮೈಕಾದಿಂದ ಬಂದವರು. ಮನೆ ತುಂಬ ಮಕ್ಕಳು.

ತಂದೆ ಧರ್ಮಭೀರು, ಆದರೆ ಪೆಟ್ಟು ತಿಂದು ಸುಮ್ಮನಿರುವವರಲ್ಲ. ದಕ್ಷಿಣದ ರಾಜ್ಯಗಳಲ್ಲಿ ಸೇವೆ ಮಾಡುತ್ತಿದ್ದಾಗ ಆತ್ಮರಕ್ಷಣೆಗೆಂದು ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಳ್ಳುತ್ತಿದ್ದರು. ಕರಿಯರನ್ನು ಗುಂಪುಗೂಡಿ ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದ ಕಾಲ ಅದು. ತಾಯಿ ಮಾತ್ರ ಯಾವ ಕಾರಣಕ್ಕೂ ಕೈ ಎತ್ತಬಾರದು ಎನ್ನುವವರು. ಒಂದೇ ಮನೆಯಲ್ಲಿ ಎರಡು ದಾರಿ. ಹುಡುಗ ಯಾವುದನ್ನು ಹಿಡಿಯಬೇಕು?

ಒಂದು ದಿನ ತಾಯಿ ಹೇಳಿದ ಕೆಲಸಕ್ಕೆ ಪೇಟೆಗೆ ಹೊರಟಿದ್ದ ಹುಡುಗನನ್ನು ಕಂಡು, ನಿಂತಿದ್ದ ಕಾರಿನೊಳಗಿಂದ ಒಂದು ಬಿಳಿಯ ಮಗು ಕರಿಯರನ್ನು ಹೀಯಾಳಿಸುವ ಮಾತೊಂದನ್ನು ಕೂಗಿತು. ಲಾಸನ್ ನೇರ ಕಾರಿನ ಬಳಿ ಹೋಗಿ ಆ ಮಗುವಿನ ಕೆನ್ನೆಗೆ ಬಾರಿಸಿದರು. ಮನೆಗೆ ಬಂದು ಅಡುಗೆಮನೆಯಲ್ಲಿದ್ದ ತಾಯಿಗೆ ನಡೆದದ್ದನ್ನು ಹೇಳಿದರು. ತಾಯಿ ಬೈಯಲಿಲ್ಲ, ಹೊಗಳಲೂ ಇಲ್ಲ. ಬೆನ್ನು ತಿರುಗಿಸಿ ಕೆಲಸ ಮಾಡುತ್ತಲೇ, ಅದರಿಂದ ಆದ ಪ್ರಯೋಜನವೇನು ಎಂದು ಕೇಳಿದರು. ನಿನ್ನನ್ನು ನಾವೆಲ್ಲ ಪ್ರೀತಿಸುತ್ತೇವೆ, ದೇವರು ಪ್ರೀತಿಸುತ್ತಾನೆ, ಯಾರೋ ಆಡಿದ ಒಂದು ಮಾತಿನಿಂದ ನೀನು ಕಡಿಮೆಯಾಗುವುದಿಲ್ಲ, ಇದಕ್ಕಿಂತ ಒಳ್ಳೆಯ ದಾರಿ ಇರಲೇಬೇಕು ಎಂಬುದು ಅವರು ಹೇಳಿದ ಮಾತಿನ ಸಾರ. ತನ್ನ ಬದುಕಿನ ದಿಕ್ಕು ನಿಂತದ್ದು ಆ ಅಡುಗೆಮನೆಯಲ್ಲಿ ಎಂದು ಲಾಸನ್ ಮುಪ್ಪಿನಲ್ಲಿಯೂ ಹೇಳುತ್ತಿದ್ದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತಾಯಿ ಸಹಿಸಿಕೋ ಎಂದು ಹೇಳಲಿಲ್ಲ. ಅವಮಾನವನ್ನು ನುಂಗಿಕೋ ಎಂದೂ ಹೇಳಲಿಲ್ಲ. ಪ್ರಯೋಜನವಾಗುವ ದಾರಿಯನ್ನು ಹುಡುಕು ಎಂದರು. ಲಾಸನ್ ಅವರ ಜೀವನವೆಲ್ಲ ಆ ಹುಡುಕಾಟವೇ.

ಸೆರೆಮನೆ ಮತ್ತು ನಾಗಪುರ

1947ರಲ್ಲಿ, ಹೈಸ್ಕೂಲು ಮುಗಿಸುವ ಮೊದಲೇ, ಲಾಸನ್ ಅವರಿಗೆ ಚರ್ಚಿನಲ್ಲಿ ಬೋಧಿಸುವ ಪರವಾನಗಿ ಸಿಕ್ಕಿತು. ಬಳಿಕ ಓಹಾಯೊದ ಬಾಲ್ಡ್‌ವಿನ್ ವಾಲೆಸ್ ಕಾಲೇಜು ಸೇರಿದರು. ಅಲ್ಲಿಗೆ ಬಂದಿದ್ದ ಶಾಂತಿವಾದಿ ಎ.ಜೆ. ಮಸ್ಟಿ ಅವರ ಮಾತು ಕೇಳಿ ‘ಫೆಲೋಶಿಪ್ ಆಫ್ ರಿಕನ್ಸಿಲಿಯೇಶನ್’ ಎಂಬ ಸಂಘಟನೆಯ ಸದಸ್ಯರಾದರು. ಗಾಂಧೀಜಿಯವರ ಬರಹಗಳನ್ನು ಓದತೊಡಗಿದ್ದೂ ಆ ದಿನಗಳಲ್ಲಿಯೇ.

ಆಗ ಕೊರಿಯಾ ಯುದ್ಧ ಆರಂಭವಾಯಿತು. ಸೈನ್ಯಕ್ಕೆ ಕಡ್ಡಾಯ ಸೇರ್ಪಡೆಯ ಕರೆ ಬಂತು. ತಾನು ಪಾದ್ರಿಯಾಗಲಿರುವವನು ಎಂದು ಒಂದು ಅರ್ಜಿ ಬರೆದುಕೊಟ್ಟಿದ್ದರೆ ಲಾಸನ್ ಸುಲಭವಾಗಿ ತಪ್ಪಿಸಿಕೊಳ್ಳಬಹುದಿತ್ತು. ಅವರು ಬರೆಯಲಿಲ್ಲ. ಬಡವರ ಮಕ್ಕಳಿಗಿಲ್ಲದ ವಿನಾಯಿತಿ ತನಗೇಕೆ ಎಂಬುದು ಅವರ ನಿಲುವು. ಯುದ್ಧಕ್ಕೆ ಜನರನ್ನು ಒತ್ತಾಯದಿಂದ ಕಳುಹಿಸುವ ವ್ಯವಸ್ಥೆಯೊಂದಿಗೇ ಸಹಕರಿಸುವುದಿಲ್ಲ ಎಂದರು. 1951ರಲ್ಲಿ ಮೂರು ವರ್ಷಗಳ ಶಿಕ್ಷೆಯಾಯಿತು. ಹದಿಮೂರು ತಿಂಗಳ ಕಾಲ ಸೆರೆಮನೆಯಲ್ಲಿದ್ದರು.

ನಮ್ಮ ಓದುಗರಿಗೆ ಇಲ್ಲಿ ಮುಹಮ್ಮದ್ ಅಲಿಯವರ ನೆನಪಾಗದಿರದು. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲು ಒಪ್ಪದೆ, ತನ್ನ ಧರ್ಮ ಒಪ್ಪುವುದಿಲ್ಲವೆಂದು ಹೇಳಿ, ಬಾಕ್ಸಿಂಗ್ ಪಟ್ಟವನ್ನೇ ಕಳೆದುಕೊಂಡವರು ಅಲಿ. ಅವರಿಗೆ ವಿಧಿಸಿದ ಐದು ವರ್ಷಗಳ ಶಿಕ್ಷೆಯನ್ನು 1971ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದಕ್ಕೆ ಹದಿನಾರು ವರ್ಷ ಮೊದಲು, ಯಾವ ಪ್ರಸಿದ್ಧಿಯೂ ಇಲ್ಲದ ಒಬ್ಬ ಕಾಲೇಜು ಹುಡುಗ ತನ್ನ ಧರ್ಮದ ಹೆಸರಿನಲ್ಲಿ ಅದೇ ಮಾತನ್ನು ಹೇಳಿ ಜೈಲಿಗೆ ಹೋಗಿದ್ದ. ಒಬ್ಬರು ಮುಸ್ಲಿಂ, ಇನ್ನೊಬ್ಬರು ಕ್ರೈಸ್ತ. ಇಬ್ಬರಿಗೂ ಆತ್ಮಸಾಕ್ಷಿ ಸರಕಾರದ ಆಜ್ಞೆಗಿಂತ ದೊಡ್ಡದಾಗಿತ್ತು.

ಜೈಲಿನಿಂದ ಹೊರಬಂದ ಲಾಸನ್ ಪದವಿ ಮುಗಿಸಿ, 1953ರಲ್ಲಿ ಮೆಥೊಡಿಸ್ಟ್ ಚರ್ಚಿನ ಪರವಾಗಿ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದರು. ವಿದ್ಯಾರ್ಥಿಗಳ ನಡುವೆ ಧರ್ಮಸೇವೆ ಮತ್ತು ಕ್ರೀಡಾ ತರಬೇತಿ ಅವರ ಕೆಲಸ. ಗಾಂಧೀಜಿಯವರ ಹತ್ಯೆಯಾಗಿ ಆಗ ಐದು ವರ್ಷ. ಅವರು ಬಾಳಿದ ಸೇವಾಗ್ರಾಮ ಅಲ್ಲಿಂದ ದೂರವಲ್ಲ. ಅವರ ಜೊತೆ ದುಡಿದವರು ಇನ್ನೂ ಬದುಕಿದ್ದರು. ಗಾಂಧಿಯನ್ನು ಪುಸ್ತಕದಲ್ಲಿ ಓದಿ ಬಂದಿದ್ದ ಲಾಸನ್‌ಗೆ ಸತ್ಯಾಗ್ರಹವನ್ನು ಮಾಡಿ ನೋಡಿದ ಜನ ಸಿಕ್ಕರು. ಅವರು ಇಲ್ಲಿ ಕಲಿತದ್ದು ಮುಖ್ಯವಾಗಿ ಒಂದು ಸಂಗತಿಯನ್ನು. ಸತ್ಯಾಗ್ರಹ ಎಂದರೆ ಒಳ್ಳೆಯ ಮನಸ್ಸು ಮಾತ್ರವಲ್ಲ, ಅದಕ್ಕೆ ಸಿದ್ಧತೆ ಬೇಕು, ಶಿಸ್ತು ಬೇಕು, ಎದುರಾಳಿಯ ಅಧ್ಯಯನ ಬೇಕು. ದಂಡಿಯಾತ್ರೆ ಒಂದು ದಿನದ ಆವೇಶದಲ್ಲಿ ಹುಟ್ಟಿದ್ದಲ್ಲ.

1955ರ ಡಿಸೆಂಬರ್‌ನಲ್ಲಿ ಒಂದು ದಿನ ‘ನಾಗಪುರ ಟೈಮ್ಸ್’ ಪತ್ರಿಕೆಯಲ್ಲಿ ಲಾಸನ್ ಒಂದು ಸುದ್ದಿ ಓದಿದರು. ಅಲಬಾಮಾ ರಾಜ್ಯದ ಮಾಂಟ್ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾಗಿದ್ದರು. ಅಲ್ಲಿನ ಕರಿಯರೆಲ್ಲ ಬಸ್ಸು ಹತ್ತುವುದನ್ನೇ ನಿಲ್ಲಿಸಿದ್ದರು. ಅವರ ಮುಂದಾಳು ಕಿಂಗ್ ಎಂಬ ಯುವಕ ಪಾದ್ರಿ. ಈ ಸುದ್ದಿ ಓದಿ ಲಾಸನ್ ಸಂತೋಷದಿಂದ ಕುಣಿದಾಡಿದರಂತೆ. ತಾನು ಕಲಿಯಲು ಕಡಲು ದಾಟಿ ಬಂದದ್ದು ತನ್ನ ನಾಡಿನಲ್ಲೇ ತಲೆ ಎತ್ತಿತ್ತು.

1956ರಲ್ಲಿ ಅವರು ಅಮೆರಿಕಕ್ಕೆ ಮರಳಿದರು. ಅದೇ ವರ್ಷ ಅಕ್ಟೋಬರ್ 14ರಂದು ಅದೇ ನಾಗಪುರದಲ್ಲಿ ಡಾ. ಅಂಬೇಡ್ಕರ್ ಲಕ್ಷಾಂತರ ಅನುಯಾಯಿಗಳೊಂದಿಗೆ ಬೌದ್ಧಧರ್ಮ ಸ್ವೀಕರಿಸಿದರು. ಅವಮಾನಕ್ಕೆ ಉತ್ತರ ಹುಡುಕುವ ಎರಡು ದೊಡ್ಡ ದಾರಿಗಳು ಒಂದೇ ಊರಿನ ಮೂಲಕ ಹಾದುಹೋದವು ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಮರೆಯಬಾರದು.

ನೆಲಮಾಳಿಗೆಯ ಪಾಠಶಾಲೆ

1957ರ ಫೆಬ್ರವರಿಯಲ್ಲಿ ಓಹಾಯೊದ ಓಬರ್ಲಿನ್ ಕಾಲೇಜಿಗೆ ಕಿಂಗ್ ಭಾಷಣಕ್ಕೆ ಬಂದರು. ಅಲ್ಲಿ ದೇವಶಾಸ್ತ್ರ ಓದುತ್ತಿದ್ದ ಲಾಸನ್ ಅವರನ್ನು ಭೇಟಿಯಾದರು. ಇಬ್ಬರಿಗೂ ಇಪ್ಪತ್ತೆಂಟು ವರ್ಷ. ಓದು ಮುಗಿಸಿ ದಕ್ಷಿಣಕ್ಕೆ ಬರುವ ಯೋಚನೆಯಿದೆ ಎಂದು ಲಾಸನ್ ಹೇಳಿದಾಗ, ಕಾಯಬೇಡಿ, ಈಗಲೇ ಬನ್ನಿ, ನಿಮ್ಮಂಥವರು ನಮ್ಮಲ್ಲಿ ಇಲ್ಲ ಎಂಬರ್ಥದಲ್ಲಿ ಕಿಂಗ್ ಒತ್ತಾಯಿಸಿದರು. ಲಾಸನ್ 1958ರ ಆರಂಭದಲ್ಲಿ ಟೆನ್ನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ಗೆ ಬಂದರು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ದೇವಶಾಸ್ತ್ರ ವಿಭಾಗಕ್ಕೆ ಸೇರಿದರು.

ನ್ಯಾಶ್‌ವಿಲ್ ತನ್ನನ್ನು ಸಭ್ಯರ ನಗರವೆಂದು ಕರೆದುಕೊಳ್ಳುತ್ತಿತ್ತು. ಆದರೆ ಪೇಟೆಯ ದೊಡ್ಡ ಅಂಗಡಿಗಳಲ್ಲಿ ಕರಿಯರು ಬಟ್ಟೆ ಕೊಳ್ಳಬಹುದಿತ್ತು, ಪಾತ್ರೆ ಕೊಳ್ಳಬಹುದಿತ್ತು, ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಮಾತ್ರ ಕುಳಿತು ಒಂದು ಕಪ್ ಕಾಫಿ ಕುಡಿಯುವಂತಿರಲಿಲ್ಲ. ಹಣಕ್ಕೆ ಮೈಲಿಗೆಯಿಲ್ಲ, ಮನುಷ್ಯನಿಗೆ ಇದೆ. ಹಳ್ಳಿಯ ಚಾದಂಗಡಿಗಳಲ್ಲಿ ದಲಿತರಿಗೆಂದು ಬೇರೆ ಲೋಟ ಇಟ್ಟದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋರಾಟಕ್ಕೆ ಈ ಊಟದ ಕೌಂಟರುಗಳನ್ನೇ ಆರಿಸಿದ್ದು ಹೇಗೆ ಎಂಬುದು ಕುತೂಹಲಕರ. ಲಾಸನ್ ಮತ್ತು ಬ್ಯಾಪ್ಟಿಸ್ಟ್ ಪಾದ್ರಿ ಕೆಲ್ಲಿ ಮಿಲ್ಲರ್ ಸ್ಮಿತ್ ಅವರು ಜನರನ್ನು ಕೂರಿಸಿ, ನಿಮಗೆ ಅತ್ಯಂತ ನೋವಾಗುವುದು ಯಾವುದರಿಂದ ಎಂದು ಕೇಳಿದರು. ಮಾತೆತ್ತಿದ್ದು ತಾಯಂದಿರು. ಪೇಟೆಗೆ ಮಕ್ಕಳನ್ನು ಕರೆದುಕೊಂಡು ಹೋದರೆ ದಣಿದಾಗ ಕೂರಲು ಜಾಗವಿಲ್ಲ, ಮಗು ಹಸಿವೆಯೆಂದರೆ ತಿನ್ನಿಸಲು ಜಾಗವಿಲ್ಲ, ಶೌಚಕ್ಕೆ ಜಾಗವಿಲ್ಲ, ಯಾಕಮ್ಮ ಎಂದು ಮಗು ಕೇಳಿದರೆ ಏನು ಹೇಳುವುದು ಎಂದು ಅವರು ದುಃಖ ತೋಡಿಕೊಂಡರು. ಹೋರಾಟದ ಗುರಿ ಅಲ್ಲಿಯೇ ನಿಶ್ಚಯವಾಯಿತು. ನಾಯಕರು ಮೇಲಿನಿಂದ ಇಳಿಸಿದ ಗುರಿ ಅದಲ್ಲ.

ಬಳಿಕ 1959ರಲ್ಲಿ ಕ್ಲಾರ್ಕ್ ಮೆಮೋರಿಯಲ್ ಮೆಥೊಡಿಸ್ಟ್ ಚರ್ಚಿನಲ್ಲಿ ವಿದ್ಯಾರ್ಥಿಗಳಿಗೆ ತರಬೇತಿ ಆರಂಭವಾಯಿತು. ಅದು ಪ್ರಾರ್ಥನಾ ಕೂಟವೂ ಆಗಿರಲಿಲ್ಲ, ಭಾಷಣ ಶಿಬಿರವೂ ಆಗಿರಲಿಲ್ಲ. ಕುರ್ಚಿಗಳನ್ನು ಸಾಲಾಗಿ ಇಟ್ಟು ಕೆಲವರನ್ನು ಗಿರಾಕಿಗಳಂತೆ ಕೂರಿಸುತ್ತಿದ್ದರು. ಉಳಿದವರು ಬಿಳಿಯ ಪುಂಡರ ಪಾತ್ರ ವಹಿಸಬೇಕು. ಬೈಯಬೇಕು, ಕುರ್ಚಿಯಿಂದ ಎಳೆದು ಕೆಡವಬೇಕು, ಮುಖಕ್ಕೆ ಹೊಗೆ ಬಿಡಬೇಕು. ಕುಳಿತವರು ತಿರುಗಿ ಬೈಯಬಾರದು, ಕೈ ಎತ್ತಬಾರದು, ಓಡಬಾರದು. ತಲೆ, ಹೊಟ್ಟೆಗಳನ್ನು ಕಾಪಾಡಿಕೊಂಡು ಬೀಳುವುದು ಹೇಗೆ, ಜೊತೆಗಾರನೊಬ್ಬನಿಗೆ ಹೆಚ್ಚು ಪೆಟ್ಟು ಬೀಳುತ್ತಿದ್ದರೆ ಎಲ್ಲರೂ ನಡುವೆ ಬಂದು ಪೆಟ್ಟನ್ನು ಹಂಚಿಕೊಳ್ಳುವುದು ಹೇಗೆ ಎಂಬುದನ್ನೆಲ್ಲ ಕಲಿಸುತ್ತಿದ್ದರು. ಅಭ್ಯಾಸದಲ್ಲಿ ಕೋಪ ತಡೆಯಲಾರದವನಿಗೆ ಬೇರೆ ಕೆಲಸ ಕೊಡುತ್ತಿದ್ದರು. ಎದುರು ನಿಂತವನ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿ, ಅವನೂ ಮನುಷ್ಯನೆಂದು ಮರೆಯಬೇಡಿ ಎಂಬುದು ಪಾಠದ ತಿರುಳು.

ಆ ತರಗತಿಯಲ್ಲಿ ಕುಳಿತವರು ಯಾರು ನೋಡಿ. ಡಯಾನ್ ನ್ಯಾಶ್, ಜಾನ್ ಲೂಯಿಸ್, ಜೇಮ್ಸ್ ಬೆವೆಲ್, ಬರ್ನಾರ್ಡ್ ಲಫಾಯೆಟ್, ಮರಿಯನ್ ಬ್ಯಾರಿ. ಮುಂದೆ ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ಮುಂಚೂಣಿಯಲ್ಲಿ ನಿಂತವರು ಇವರು. ಲೂಯಿಸ್ 1987ರಿಂದ 2020ರಲ್ಲಿ ಸಾಯುವ ತನಕ ಅಮೆರಿಕದ ಸಂಸತ್ತಿನ ಸದಸ್ಯರಾಗಿದ್ದರು.

ಊಟದ ಕೌಂಟರಿನ ಮುಂದೆ

1960ರ ಫೆಬ್ರವರಿ 1ರಂದು ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ವಿದ್ಯಾರ್ಥಿಗಳು ಹೀಗೆಯೇ ಊಟದ ಕೌಂಟರಿನಲ್ಲಿ ಕುಳಿತು ದೇಶದ ಗಮನ ಸೆಳೆದರು. ಫೆಬ್ರವರಿ 13ರಂದು ನ್ಯಾಶ್‌ವಿಲ್‌ನಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಒಗೆದ ಅಂಗಿ, ಟೈ ತೊಟ್ಟು, ಪುಸ್ತಕಗಳನ್ನು ಹಿಡಿದು ಹೋಗಿ ಕುಳಿತರು. ಊಟ ಕೊಡುವುದಿಲ್ಲ ಎಂದಾಗ ಏಳದೆ ಓದುತ್ತ ಕುಳಿತರು.

ಫೆಬ್ರವರಿ 27ರ ಶನಿವಾರ ಪುಂಡರ ಗುಂಪು ನುಗ್ಗಿತು. ವಿದ್ಯಾರ್ಥಿಗಳನ್ನು ಹೊಡೆದರು, ಎಳೆದು ಕೆಡವಿದರು. ಪೊಲೀಸರು ಬಂಧಿಸಿದ್ದು ಹೊಡೆದವರನ್ನಲ್ಲ, ಹೊಡೆಸಿಕೊಂಡ ಎಂಬತ್ತೊಂದು ವಿದ್ಯಾರ್ಥಿಗಳನ್ನು. ಒಂದು ಸಾಲನ್ನು ಎಳೆದೊಯ್ದಾಗ ಇನ್ನೊಂದು ಸಾಲು ಬಂದು ಅದೇ ಕುರ್ಚಿಗಳಲ್ಲಿ ಕುಳಿತಿತು. ನ್ಯಾಯಾಲಯ ತಲಾ ಐವತ್ತು ಡಾಲರ್ ದಂಡ ವಿಧಿಸಿತು. ದಂಡ ಕಟ್ಟುವುದೆಂದರೆ ಈ ಅನ್ಯಾಯಕ್ಕೆ ಹಣ ಕೊಟ್ಟಂತೆ ಎಂದು ಹೇಳಿ ಅವರು ಜೈಲನ್ನೇ ಆರಿಸಿಕೊಂಡರು.

ಆ ದಿನಗಳ ಒಂದು ಘಟನೆಯನ್ನು ಬಲ್ಲವರು ಮತ್ತೆ ಮತ್ತೆ ಹೇಳುತ್ತಾರೆ. ಬೀದಿಯಲ್ಲಿ ಒಬ್ಬ ವಿದ್ಯಾರ್ಥಿಯನ್ನು ಹೊಡೆಯುತ್ತಿದ್ದ ಕಡೆಗೆ ಲಾಸನ್ ಧಾವಿಸಿದರು. ಚರ್ಮದ ಜಾಕೆಟ್ ತೊಟ್ಟ ಪುಂಡನೊಬ್ಬ ಅವರ ಮುಖಕ್ಕೆ ಉಗಿದ. ಲಾಸನ್ ಶಾಂತವಾಗಿ, ನಿಮ್ಮಲ್ಲಿ ಕರವಸ್ತ್ರ ಇದೆಯೇ ಎಂದು ಅವನನ್ನೇ ಕೇಳಿದರು. ಕಕ್ಕಾಬಿಕ್ಕಿಯಾದ ಅವನು ಅರಿವಿಲ್ಲದೆ ಜೇಬಿನಿಂದ ಕರವಸ್ತ್ರ ತೆಗೆದುಕೊಟ್ಟ. ಮುಖ ಒರೆಸಿ ಅದನ್ನು ಮರಳಿ ಕೊಡುತ್ತ, ನಿಮ್ಮದು ಮೋಟಾರ್ ಬೈಕೋ ಕಾರೋ ಎಂದು ಲಾಸನ್ ವಿಚಾರಿಸಿದರು. ಮಾತು ಬೈಕಿನ ಕಡೆ ಹೊರಳಿತು. ಅಷ್ಟರಲ್ಲಿ ಪೆಟ್ಟು ತಿಂದ ವಿದ್ಯಾರ್ಥಿ ಎದ್ದು ನಿಂತಾಗಿತ್ತು. ಇದು ಚಮತ್ಕಾರವಲ್ಲ. ಸಾವಿರ ಸಲ ಮನಸ್ಸಿನಲ್ಲಿ ಅಭ್ಯಾಸ ಮಾಡಿದ್ದರ ಫಲ.

ಮಾರ್ಚ್ 3ರಂದು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಲಾಸನ್ ಅವರನ್ನು ಹೊರಹಾಕಿತು. ಆ ವಿಶ್ವವಿದ್ಯಾಲಯವನ್ನು 1873ರಲ್ಲಿ ಸ್ಥಾಪಿಸಿದ್ದು ದಕ್ಷಿಣದ ಮೆಥೊಡಿಸ್ಟ್ ಚರ್ಚೇ ಎಂಬುದು ವಿಪರ್ಯಾಸ. ಮರುದಿನ ಚರ್ಚಿನಲ್ಲಿದ್ದ ಅವರನ್ನು ಪೊಲೀಸರು ಬಂಧಿಸಿ ಕರೆದೊಯ್ದರು. ಅವರನ್ನು ಹೊರಹಾಕಿದ್ದನ್ನು ವಿರೋಧಿಸಿ ದೇವಶಾಸ್ತ್ರ ವಿಭಾಗದ ಮುಖ್ಯಸ್ಥರೂ ಹಲವು ಅಧ್ಯಾಪಕರೂ ರಾಜೀನಾಮೆ ಕೊಟ್ಟರು. ಅವರೆಲ್ಲ ಬಿಳಿಯರು. ಲಾಸನ್ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಹೋಗಿ ಪದವಿ ಪೂರ್ಣಗೊಳಿಸಿದರು.

ಈ ನಡುವೆ ನ್ಯಾಶ್‌ವಿಲ್‌ನ ಕರಿಯರು ಈಸ್ಟರ್ ಹಬ್ಬದ ಹೊತ್ತಿನಲ್ಲಿ ಪೇಟೆಯ ಅಂಗಡಿಗಳಿಗೆ ಹೋಗುವುದನ್ನೇ ನಿಲ್ಲಿಸಿದರು. ವ್ಯಾಪಾರ ಕುಸಿಯಿತು. ಏಪ್ರಿಲ್ 19ರ ಮುಂಜಾನೆ ವಿದ್ಯಾರ್ಥಿಗಳ ಪರ ವಾದಿಸುತ್ತಿದ್ದ ಹಿರಿಯ ಕರಿಯ ವಕೀಲ ಅಲೆಕ್ಸಾಂಡರ್ ಲೂಬಿ ಅವರ ಮನೆಗೆ ಬಾಂಬ್ ಎಸೆದರು. ಅವರೂ ಅವರ ಪತ್ನಿಯೂ ಹೇಗೋ ಬದುಕಿದರು. ಅದೇ ದಿನ ಸಾವಿರಾರು ಜನ ಒಂದು ಘೋಷಣೆಯನ್ನೂ ಕೂಗದೆ, ಮೌನವಾಗಿ, ನಗರಸಭೆಯ ಕಚೇರಿಗೆ ನಡೆದರು. ಮೆಟ್ಟಿಲ ಮೇಲೆ ನಿಂತಿದ್ದ ಮೇಯರ್ ಬೆನ್ ವೆಸ್ಟ್ ಅವರನ್ನು ಡಯಾನ್ ನ್ಯಾಶ್, ಬಣ್ಣ ನೋಡಿ ಮನುಷ್ಯನನ್ನು ದೂರ ಇಡುವುದು ಸರಿಯೇ ಎಂದು ನೇರವಾಗಿ ಕೇಳಿದಳು. ಸರಿಯಲ್ಲ ಎಂದು ಮೇಯರ್ ಎಲ್ಲರೆದುರು ಒಪ್ಪಿಕೊಂಡರು. ಮೇ 10ರಂದು ನ್ಯಾಶ್‌ವಿಲ್‌ನ ಆರು ಅಂಗಡಿಗಳ ಕೌಂಟರುಗಳಲ್ಲಿ ಕರಿಯರು ಕುಳಿತು ಉಂಡರು.

ಅದೇ ಏಪ್ರಿಲ್‌ನಲ್ಲಿ ಎಲ್ಲಾ ಬೇಕರ್ ಎಂಬ ಹಿರಿಯ ಕಾರ್ಯಕರ್ತೆ ದಕ್ಷಿಣದ ವಿದ್ಯಾರ್ಥಿಗಳನ್ನೆಲ್ಲ ರಾಲಿ ನಗರದಲ್ಲಿ ಸೇರಿಸಿ ಒಂದು ಸಂಘಟನೆ ಕಟ್ಟಿದರು. ಅದರ ಧ್ಯೇಯ ಹೇಳಿಕೆಯ ಕರಡನ್ನು ಬರೆದವರು ಲಾಸನ್. ಮರುವರ್ಷ, 1961ರಲ್ಲಿ, ಅಂತರರಾಜ್ಯ ಬಸ್ಸುಗಳಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕುಳಿತು ಪ್ರಯಾಣಿಸಿದ ಸ್ವಾತಂತ್ರ್ಯ ಯಾತ್ರೆಯಲ್ಲಿ ಅವರೂ ಹೋಗಿ ಮಿಸಿಸಿಪ್ಪಿಯ ಜ್ಯಾಕ್ಸನ್‌ನಲ್ಲಿ ಬಂಧನಕ್ಕೊಳಗಾದರು.

ಮೆಂಫಿಸ್‌ನ ಕಸದ ಗಾಡಿ

1962ರಲ್ಲಿ ಲಾಸನ್ ಮೆಂಫಿಸ್ ನಗರದ ಸೆಂಟೆನರಿ ಮೆಥೊಡಿಸ್ಟ್ ಚರ್ಚಿನ ಸಭಾಪಾಲಕರಾದರು. ಮದುವೆ ಮಾಡಿಸುವುದು, ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದು, ರೋಗಿಗಳನ್ನು ನೋಡಿಬರುವುದು, ಭಾನುವಾರದ ಪ್ರಸಂಗ, ಸತ್ತವರನ್ನು ಮಣ್ಣು ಮಾಡುವುದು, ಹೀಗೆ ಎಲ್ಲ ಪಾದ್ರಿಗಳ ದಿನಚರಿಯೇ ಅವರದೂ ಆಗಿತ್ತು. ಆದರೆ ಅವರ ಸಭೆಯ ಎಲ್ಲೆ ಚರ್ಚಿನ ಗೋಡೆಗೆ ಮುಗಿಯುತ್ತಿರಲಿಲ್ಲ.

1968ರ ಫೆಬ್ರವರಿ 1ರಂದು ಜೋರು ಮಳೆ. ಎಕೊಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಪೌರಕಾರ್ಮಿಕರು ನೆನೆಯದಿರಲೆಂದು ಕಸದ ಲಾರಿಯ ಹಿಂಭಾಗದಲ್ಲಿ ನಿಂತಿದ್ದರು. ಕಸವನ್ನು ಅದುಮುವ ಯಂತ್ರ ತಾನಾಗಿ ಚಾಲೂ ಆಗಿ ಇಬ್ಬರನ್ನೂ ನುಜ್ಜುಗುಜ್ಜಾಗಿಸಿತು. ಫೆಬ್ರವರಿ 12ರಂದು ಸುಮಾರು 1,300 ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು. ಬಹುತೇಕ ಎಲ್ಲರೂ ಕರಿಯರು. ವರ್ಷವಿಡೀ ದುಡಿದರೂ ಸರಕಾರದ ಬಡವರ ನೆರವಿಗೆ ಕೈಚಾಚಬೇಕಾದಷ್ಟು ಕಡಿಮೆ ಸಂಬಳ.

ಮುಷ್ಕರಕ್ಕೆ ಬೆಂಬಲವಾಗಿ ರಚನೆಯಾದ ಸಮಿತಿಯ ಅಧ್ಯಕ್ಷರು ಲಾಸನ್. ಒಬ್ಬ ಮನುಷ್ಯನನ್ನು ಮನುಷ್ಯನಲ್ಲವೆಂದು ಕಾಣುವುದೇ ವರ್ಣಭೇದದ ಮೂಲ ಎಂದು ಅವರು ಕಾರ್ಮಿಕರ ಸಭೆಗಳಲ್ಲಿ ಹೇಳುತ್ತಿದ್ದರು. ನಾನೊಬ್ಬ ಮನುಷ್ಯ ಎಂಬರ್ಥದ ಫಲಕಗಳನ್ನು ಎತ್ತಿಹಿಡಿದು ಕಾರ್ಮಿಕರು ಪೊಲೀಸರ ಬಂದೂಕುಗಳ ನಡುವೆ ನಡೆದ ಚಿತ್ರ ಜಗತ್ಪ್ರಸಿದ್ಧ.

ಲಾಸನ್ ತಮ್ಮ ಗೆಳೆಯ ಕಿಂಗ್ ಅವರನ್ನು ಮೆಂಫಿಸ್‌ಗೆ ಕರೆದರು. ಮಾರ್ಚ್ 28ರಂದು ಕಿಂಗ್ ಮುಂದಾಳಾಗಿದ್ದ ಮೆರವಣಿಗೆ ಹಿಂಸೆಗೆ ತಿರುಗಿತು. ಹಿಂದಿನ ಸಾಲಿನಿಂದ ಕೆಲವರು ಗಾಜು ಒಡೆದರು. ಪೊಲೀಸರು ಮುಗಿಬಿದ್ದರು. ಹದಿನಾರು ವರ್ಷದ ಲ್ಯಾರಿ ಪೇನ್ ಎಂಬ ಹುಡುಗ ಗುಂಡಿಗೆ ಬಲಿಯಾದ. ಲಾಸನ್ ಅವರೇ ಮೆರವಣಿಗೆಯನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ನ್ಯಾಶ್‌ವಿಲ್‌ನಲ್ಲಿ ತಿಂಗಳುಗಟ್ಟಲೆ ತಯಾರಾದ ನೂರಿನ್ನೂರು ಮಂದಿ ಮಾಡಿದ್ದನ್ನು ಮೆಂಫಿಸ್‌ನಲ್ಲಿ ತರಬೇತಿಯಿಲ್ಲದ ಸಾವಿರಾರು ಜನರಿಂದ ಒಂದು ದಿನವೂ ಉಳಿಸಿಕೊಳ್ಳಲಾಗಲಿಲ್ಲ. ಅಹಿಂಸೆಯ ಸೋಲೆಂದು ಇದನ್ನು ಹೇಳಿದವರಿದ್ದಾರೆ. ಸಿದ್ಧತೆಯಿಲ್ಲದ ಗುಂಪನ್ನು ಅಹಿಂಸೆ ಎಂದು ಕರೆಯಲಾಗದು ಎಂಬುದೇ ಸರಿಯಾದ ಪಾಠವೆಂದು ನನಗೆ ಕಾಣುತ್ತದೆ.

ಇನ್ನೊಂದು ಮೆರವಣಿಗೆಯನ್ನು ಶಾಂತವಾಗಿ ನಡೆಸಲೇಬೇಕೆಂದು ಕಿಂಗ್ ಮರಳಿ ಬಂದರು. ಏಪ್ರಿಲ್ 3ರ ರಾತ್ರಿಯ ಕೊನೆಯ ಭಾಷಣದಲ್ಲಿ ಅವರು ಲಾಸನ್ ಅವರ ಹೆಸರು ಹೇಳಿ, ಹೋರಾಟಕ್ಕಾಗಿ ಜೈಲಿಗೆ ಹೋದವರು, ವಿಶ್ವವಿದ್ಯಾಲಯದಿಂದ ಹೊರಹಾಕಿಸಿಕೊಂಡವರು, ಇನ್ನೂ ನಿಲ್ಲದವರು ಎಂದು ಕೊಂಡಾಡಿದರು. ಮರುದಿನ ಸಂಜೆ ಲೊರೇನ್ ಮೊಟೆಲಿನಲ್ಲಿ ಕಿಂಗ್ ಅವರ ಕೊಲೆಯಾಯಿತು. ತಾನು ಕರೆಸಿದ ಗೆಳೆಯ ತನ್ನ ಊರಿನಲ್ಲಿ ಸತ್ತ ರಾತ್ರಿ ಲಾಸನ್ ರೇಡಿಯೋದಲ್ಲಿ ಜನರಿಗೆ ಶಾಂತರಾಗಿರಿ ಎಂದು ಮೊರೆಯಿಟ್ಟರು. ಏಪ್ರಿಲ್ 16ರಂದು ನಗರಾಡಳಿತ ಕಾರ್ಮಿಕ ಸಂಘವನ್ನು ಮಾನ್ಯ ಮಾಡಿತು, ಸಂಬಳ ಏರಿಸಿತು.

ಸೆರೆಮನೆಯ ಕೈದಿಯ ಬಳಿ

ಕಿಂಗ್ ಅವರ ಕೊಲೆಗಾಗಿ ಜೇಮ್ಸ್ ಅರ್ಲ್ ರೇ ಎಂಬವನಿಗೆ 1969ರಲ್ಲಿ ತೊಂಬತ್ತೊಂಬತ್ತು ವರ್ಷಗಳ ಶಿಕ್ಷೆಯಾಯಿತು. ಮೊದಲು ತಪ್ಪೊಪ್ಪಿಕೊಂಡ ರೇ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡ. ಲಾಸನ್ ಆತನನ್ನು ಜೈಲಿನಲ್ಲಿ ಭೇಟಿಯಾಗತೊಡಗಿದರು. ಈತ ಕೊಲೆಗಾರನಲ್ಲ, ಇದರ ಹಿಂದೆ ಬೇರೆ ಕೈಗಳಿವೆ ಎಂಬ ನಂಬಿಕೆಗೆ ಬಂದರು. 1978ರಲ್ಲಿ ಸೆರೆಮನೆಯೊಳಗೆ ರೇಯ ಮದುವೆ ನಡೆಸಿಕೊಟ್ಟವರು ಅವರೇ. 1998ರಲ್ಲಿ ರೇ ಸತ್ತಾಗ ಸ್ಮರಣಾರಾಧನೆಯಲ್ಲಿ ಮಾತನಾಡಿದವರೂ ಅವರೇ. ಕಿಂಗ್ ಅವರ ಕುಟುಂಬವೂ ರೇ ನಿರಪರಾಧಿ ಎಂದೇ ಹೇಳಿತು. ಅಮೆರಿಕದ ನ್ಯಾಯ ಇಲಾಖೆ ಮಾತ್ರ 2000ದಲ್ಲಿ, ಪಿತೂರಿಯ ಆರೋಪಗಳಿಗೆ ನಂಬಲರ್ಹ ಆಧಾರವಿಲ್ಲ ಎಂದಿತು.

ಲಾಸನ್ ಅವರ ನಂಬಿಕೆ ಸರಿಯೋ ತಪ್ಪೋ, ಅದನ್ನು ಇತಿಹಾಸ ನೋಡಿಕೊಳ್ಳಲಿ. ತನ್ನ ಆತ್ಮೀಯ ಗೆಳೆಯನನ್ನು ಕೊಂದವನೆಂದು ಲೋಕವೇ ಹೇಳುತ್ತಿದ್ದವನ ಕೋಣೆಗೆ ಹೋಗಿ ಕುಳಿತುಕೊಳ್ಳಲು ಎಂಥ ಎದೆ ಬೇಕು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಅವರ ಪಾಲಿಗೆ ಕೈದಿಯೂ ಒಬ್ಬ ಸಭಿಕ.

1974ರಿಂದ 1999ರಲ್ಲಿ ನಿವೃತ್ತರಾಗುವ ತನಕ ಅವರು ಲಾಸ್ ಏಂಜಲೀಸ್‌ನ ಹೋಲ್ಮನ್ ಮೆಥೊಡಿಸ್ಟ್ ಚರ್ಚಿನ ಸಭಾಪಾಲಕರಾಗಿದ್ದರು. ಹೋಟೆಲ್ ಕೆಲಸಗಾರರು, ಕಟ್ಟಡಗಳ ಕಸ ಗುಡಿಸುವವರು, ವಲಸೆ ಬಂದವರು ಅಲ್ಲಿ ಅವರ ಜೊತೆಗಾರರಾದರು. ಅವರಿಗೂ ಅದೇ ಪಾಠ, ಅದೇ ಅಭ್ಯಾಸ. ನಿವೃತ್ತಿಯ ಬಳಿಕ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಅಹಿಂಸಾ ಹೋರಾಟಗಳ ಚರಿತ್ರೆ ಕಲಿಸಿದರು. ಹೊರಹಾಕಿದ್ದ ವ್ಯಾಂಡರ್‌ಬಿಲ್ಟ್ 2006ರಲ್ಲಿ ಅವರನ್ನು ಸಂದರ್ಶಕ ಪ್ರಾಧ್ಯಾಪಕರಾಗಿ ಬರಮಾಡಿಕೊಂಡಿತು. ಅವರು ಹೋದರು. ಹಳೆಯ ಲೆಕ್ಕ ತೀರಿಸಲು ಹೋಗಲಿಲ್ಲ, ಪಾಠ ಹೇಳಲು ಹೋದರು. 2020ರ ಜುಲೈ 30ರಂದು ತಮ್ಮ ಶಿಷ್ಯ ಜಾನ್ ಲೂಯಿಸ್ ಅವರ ಅಂತ್ಯಸಂಸ್ಕಾರದಲ್ಲಿ ತೊಂಬತ್ತೊಂದರ ಗುರು ನಿಂತು ಮಾತನಾಡಿದ್ದನ್ನು ಜಗತ್ತು ಟಿವಿಯಲ್ಲಿ ನೋಡಿತು.

ಪೆಟ್ಟು ತಿನ್ನುವವರಿಗೇ ಯಾಕೆ ತಾಳ್ಮೆಯ ಉಪದೇಶ ಎಂದು ಇಂದು ದಲಿತ ತರುಣನೊಬ್ಬ, ಮುಸ್ಲಿಂ ತರುಣನೊಬ್ಬ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆರಾಮಕುರ್ಚಿಯಲ್ಲಿ ಕುಳಿತವರು ಹೇಳುವ ಶಾಂತಿಮಂತ್ರ ಕಿವಿಗೆ ಹಿತವಲ್ಲ. ಆದರೆ ಲಾಸನ್ ಹೇಳಿದ್ದು ತಾಳ್ಮೆಯ ಮಾತಲ್ಲ. ಅವರು ಒಂದು ದಿನವೂ ಅನ್ಯಾಯವನ್ನು ತಾಳಿಕೊಂಡವರಲ್ಲ. ಎಲ್ಲಿ ನೋಯುತ್ತದೆ ಎಂದು ತಾಯಂದಿರನ್ನು ಕೇಳಿ, ಎದುರಾಳಿಯ ಬಲಹೀನ ಜಾಗ ಹುಡುಕಿ, ಹುಡುಗ ಹುಡುಗಿಯರನ್ನು ತಿಂಗಳುಗಟ್ಟಲೆ ತಯಾರು ಮಾಡಿ, ಪೇಟೆಯ ವ್ಯಾಪಾರವನ್ನು ನಿಲ್ಲಿಸಿ ಗೆದ್ದವರು. ನಮ್ಮ ನೆಲದಲ್ಲಿ ಕಲಿತ ವಿದ್ಯೆ ಅದು. ನಾವು ಅದನ್ನು ಅಕ್ಟೋಬರ್ 2ರ ಭಾಷಣಕ್ಕೆ ಬಿಟ್ಟುಕೊಟ್ಟೆವು, ಅವರು ಅದನ್ನು ನೆಲಮಾಳಿಗೆಯಲ್ಲಿ ಕುರ್ಚಿಗಳನ್ನಿಟ್ಟು ಅಭ್ಯಾಸ ಮಾಡಿಸಿದರು.

ಕೋಪ ಬಂದಾಗಲೆಲ್ಲ ಅಡುಗೆಮನೆಯ ಆ ತಾಯಿ ಕೇಳಿದ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳಬೇಕು. ಅದರಿಂದ ಆದ ಪ್ರಯೋಜನವೇನು? ಇದಕ್ಕಿಂತ ಒಳ್ಳೆಯ ದಾರಿ ಯಾವುದು? ಉತ್ತರ ಹುಡುಕಲು ಲಾಸನ್ ಅವರಿಗೆ ಒಂದು ಆಯುಷ್ಯವೇ ಬೇಕಾಯಿತು.